ಪಿನ್ನು ಹೊಡೆದ ಕಥೆ

ವಡೋದರದ ಕನ್ನಡ ಸಂಘದ ಕಾರ್ಯದರ್ಶಿ ದಿವಾಕರ ಒಂದು ಸಂಜೆ ಸ್ಟೇಪ್ಲರ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಮದುವೆ ಕರೆಯಲು ಬಂದವರ ಹಾಗೆ ಮುಖದ ತುಂಬ ನಗು. ನಮ್ಮ ಗೋರ್ವಾ ಬಡಾವಣೆಯಲ್ಲಿದ್ದ ಕನ್ನಡದವರ ಮನೆಗಳನ್ನೆಲ್ಲ ಮುಗಿಸಿಕೊಂಡು ಕೊನೆಗೆ ನಮ್ಮ ಬಾಗಿಲಿಗೆ ಬಂದಿದ್ದರು.

ಆ ವರ್ಷ, ಅಂದರೆ ತೊಂಬತ್ತೈದರಲ್ಲಿ, ಸಂಘದ ರಾಜ್ಯೋತ್ಸವ ಸಂಚಿಕೆಯಲ್ಲಿ ನಮ್ಮ ಯಜಮಾನರು ಬರೆದ ಕಥೆ ಬಂದಿತ್ತು. ಸಂಚಿಕೆ ಅಷ್ಟರಲ್ಲಾಗಲೇ ಎಲ್ಲರ ಮನೆ ಸೇರಿತ್ತು. ಹಂಚಿದ ಪುಸ್ತಕವನ್ನು ವಾಪಸು ಕೊಡಿ ಎಂದು ಕೇಳುವುದಕ್ಕಾಗದೆ, ದಿವಾಕರ ಮನೆಮನೆಗೂ ಸ್ಕೂಟರಿನಲ್ಲಿ ಹೋಗಿ ಕಥೆಯ ಪುಟಗಳಿಗೆ ಮೂರೂ ಕಡೆ ಪಿನ್ನು ಹೊಡೆಯುತ್ತಿದ್ದರು. ಹೊಡೆದಾದ ಮೇಲೆ ಯಾರೂ ಬಿಡಿಸಿ ಓದುವಂತಿಲ್ಲ.

"ಬೇಸರ ಮಾಡ್ಕೋಬೇಡಿ ಜಯತೀರ್ಥ ಅವ್ರೇ," ಎಂದರು. "ಕಮಿಟಿಯವ್ರು ಹಾಳೆ ಹರಿದುಹಾಕಿ ಅಂದ್ರು. ನಾನೇ ಒಪ್ಲಿಲ್ಲ. ಪುಸ್ತಕ ಹರೀಬಾರ್ದು ನೋಡಿ, ಸರಸ್ವತಿ ಅಲ್ವಾ?"

ನಮ್ಮವರು ಕಪಾಟಿನಿಂದ ಸಂಚಿಕೆ ತೆಗೆದು, ತಮ್ಮ ಕಥೆಯ ಪುಟ ತಾವೇ ಹುಡುಕಿ, ಅವರ ಮುಂದೆ ಇಟ್ಟರು. ಅರ್ಧಕ್ಕೆ ಪಿನ್ನು ಮುಗಿಯಿತು. ಇವರೇ ಒಳಗೆ ಹೋಗಿ ತಮ್ಮ ಮೇಜಿನಿಂದ ಪಿನ್ನಿನ ಡಬ್ಬಿಯನ್ನೂ ತಂದುಕೊಟ್ಟರು. ಕೆಲಸ ಮುಗಿದ ಮೇಲೆ ದಿವಾಕರ ಸಂಚಿಕೆಯನ್ನು ಕಣ್ಣಿಗೊತ್ತಿಕೊಂಡು ಟೀಪಾಯಿಯ ಮೇಲಿಟ್ಟರು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕೆಂದು ತಿಳಿಯಲಿಲ್ಲ, ಹೊಡೆಯುವವರ ಮೇಲೋ, ಡಬ್ಬಿ ತಂದುಕೊಟ್ಟವರ ಮೇಲೋ.

ಕಥೆಯಲ್ಲಿದ್ದದ್ದು ಇಷ್ಟು. ವಡೋದರಕ್ಕೆ ವರ್ಗವಾಗುವ ಮುಂಚೆ ನಾವು ಸೂರತ್ತಿನಲ್ಲಿದ್ದೆವು. ಇವರ ಬ್ಯಾಂಕು ಇದ್ದದ್ದು ವರಾಛಾದಲ್ಲಿ, ವಜ್ರ ಸಾಣೆ ಹಿಡಿಯುವ ಕಾರ್ಖಾನೆಗಳ ನಡುವೆ. ತೊಂಬತ್ನಾಲ್ಕರ ಪ್ಲೇಗಿನಲ್ಲಿ ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ಸ್ಟೇಷನ್ನಿಗೆ ಓಡಿತು. ನಾನೂ ಮಗಳು ಮನಸ್ವಿನಿಯನ್ನು ಕರೆದುಕೊಂಡು ರೈಲು ಹತ್ತಿದೆ. ಬ್ಯಾಂಕಿಗೆ ರಜೆಯಿಲ್ಲವೆಂದು ಇವರು ಉಳಿದರು. ಬ್ಯಾಂಕಿನ ಎದುರಿನ ಕಾರ್ಖಾನೆಯ ಮಾಲೀಕ, ಕೆಲಸದ ಹುಡುಗರು ಹರಳಿನ ಸಮೇತ ಊರಿಗೆ ಓಡಿಹೋದಾರೆಂದು ಹೆದರಿ, ಹಸಿರು ಬಣ್ಣದ ಕಬ್ಬಿಣದ ಜಾಲರಿ ಬಾಗಿಲಿಗೆ ಹೊರಗಿನಿಂದ ಬೀಗ ಜಡಿದಿದ್ದ. ಒಳಗಿದ್ದವರಿಗೆ ಜ್ವರ. ಜಾಲರಿಯಿಂದ ಬೆರಳುಗಳು ಹೊರಗೆ ಬಂದು ಆಡುತ್ತಿದ್ದವಂತೆ. ಬ್ಯಾಂಕಿನ ಮ್ಯಾನೇಜರು, "ಆ ಮಾಲೀಕರು ನಮ್ಮ ದೊಡ್ಡ ಗಿರಾಕಿ, ಕಿಟಕಿ ಪರದೆ ಎಳೀರಿ," ಎಂದರು. ಇವರು ಪರದೆ ಎಳೆದರು.

ಕಥೆಯಲ್ಲಿ ಬೈಸಿಕೊಂಡವನು ಮಾಲೀಕನಲ್ಲ, ಪರದೆ ಎಳೆದ ಗುಮಾಸ್ತ. ಮಾಲೀಕ ಒಂದೇ ಒಂದು ಸಾಲಿನಲ್ಲಿ ಬಂದು ಹೋಗುತ್ತಾನೆ, ಅವನಿಗೆ ಹೆಸರೂ ಇಲ್ಲ. ಒಂದು ವರ್ಷ ಹೆಂಡತಿಯಾದ ನನಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಈ ಮನುಷ್ಯ ಕಥೆಯಲ್ಲಿ ಹೇಳಿದ್ದರು. ಓದಿ ನಾನು ಅತ್ತೆ. ಇವರು ಬರೆದದ್ದರಲ್ಲಿ ಅದಕ್ಕಿಂತ ಒಳ್ಳೆಯದು ಮತ್ತೊಂದಿಲ್ಲ.

ದಿವಾಕರ ಅದನ್ನು ಓದಿರಲಿಲ್ಲ. ಅವರು ಇಂಗ್ಲಿಷಿನಲ್ಲಿ ಕವಿತೆ ಬರೆಯುವವರು. ಕನ್ನಡ ಸಂಘದ ಕಾರ್ಯದರ್ಶಿಯಾಗಿದ್ದರೂ ಕನ್ನಡ ಓದುವುದು ಪಂಚಾಂಗಕ್ಕೆ ಮಾತ್ರ. ಸಂಚಿಕೆಗೆ ಜಾಹೀರಾತು ಕೊಟ್ಟವರಲ್ಲಿ ಸೂರತ್ತಿನ ಗೋರಧನಭಾಯಿ ದೊಡ್ಡವರು. ಅವರ ವಜ್ರದ ಕಾರ್ಖಾನೆಯ ಜಾಹೀರಾತನ್ನು ಒಳ್ಳೆಯ ಜಾಗದಲ್ಲಿ ಹಾಕಬೇಕೆಂದು ದಿವಾಕರ ಮುದ್ರಕನಿಗೆ ಹೇಳಿದರು. ಒಳ್ಳೆಯ ಜಾಗ ಅಂದರೆ ಸಂಚಿಕೆಯ ನಟ್ಟನಡುವೆ. ಅಲ್ಲಿ ಇದ್ದದ್ದು ಇವರ ಕಥೆ.

ಜಾಹೀರಾತು ಕೊಟ್ಟವರ ಕೈಗೆ ಮೊದಲ ಪ್ರತಿ ಮುಟ್ಟಿಸುವುದು ಸಂಘದ ರೂಢಿ. ದಿವಾಕರ ಸ್ವತಃ ಸೂರತ್ತಿಗೆ ಹೋದರು. ಗೋರಧನಭಾಯಿ, ನಮ್ಮ ಹೆಸರಿನ ಪಕ್ಕದಲ್ಲಿ ಇಷ್ಟೊಂದು ಏನು ಬರೆದಿದ್ದೀರಿ ಎಂದು ಕೇಳಿದರಂತೆ. ದಿವಾಕರ ಉಬ್ಬಿಹೋಗಿ ಅಲ್ಲೇ ಕುಳಿತು ಸಾಲುಸಾಲಾಗಿ ಹಿಂದಿಯಲ್ಲಿ ಹೇಳತೊಡಗಿದರು. ಪ್ಲೇಗು ಬಂತು, ಸ್ಟೇಷನ್ನು ತುಂಬಿತು, ಎಲ್ಲ ಹೇಳಿದರು. ಹಸಿರು ಜಾಲರಿಯ ಹತ್ತಿರ ಬಂದಾಗ, ತಾವು ದಾಟಿ ಒಳಗೆ ಬಂದದ್ದೂ ಅಂಥದೇ ಬಾಗಿಲೆಂದು ಹೊಳೆದು, ಗೋರಧನಭಾಯಿಯ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಇದನ್ನೆಲ್ಲ ಪಿನ್ನು ಹೊಡೆದ ಆ ಸಂಜೆ ದಿವಾಕರರೇ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ, ತಮಗಾದ ತೊಂದರೆ ಎಂಬಂತೆ ಹೇಳಿಕೊಂಡರು.

ಜಾಹೀರಾತು ಕೈತಪ್ಪೀತೆಂದು ಕಮಿಟಿ ಹೆದರಿತ್ತು, ಆದರೆ ಗೋರಧನಭಾಯಿಗೆ ಕನ್ನಡ ಸಂಘದ ಮೇಲೆ ಸಿಟ್ಟು ಬರಲಿಲ್ಲ. ಅವರು ಬ್ಯಾಂಕಿನ ದೊಡ್ಡವರಿಗೆ ಫೋನು ಮಾಡಿದರು. ಮರುವಾರವೇ ಇವರ ಮೇಲೆ ವಿಚಾರಣೆ ಶುರುವಾಯಿತು.

ಈಗ ಇನ್ನೊಂದು ಮಾತು ಹೇಳಬೇಕು, ಇಲ್ಲದಿದ್ದರೆ ನನ್ನ ಸಂಕಟ ತಿಳಿಯುವುದಿಲ್ಲ. ಈ ದಿವಾಕರರೇ 'ವಿಶ್ವ ಲೇಖಕ ಸಂಗಮ' ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ವಡೋದರ ಶಾಖೆಯ ಅಧ್ಯಕ್ಷರು. ಸಂಸ್ಥೆಯ ಮುಖ್ಯ ಕಚೇರಿ ಯುರೋಪಿನಲ್ಲಿ. ಬರೆದದ್ದಕ್ಕಾಗಿ ಜೈಲು ಸೇರಿದ ಲೇಖಕರನ್ನು ಬಿಡಿಸುವುದು ಅವರ ಕೆಲಸ. ಶಾಖೆಯವರು ಭಾನುವಾರ ಬೆಳಿಗ್ಗೆ ಫತೇಗಂಜಿನ ಒಂದು ಹೋಟೆಲಿನ ಮಹಡಿಯಲ್ಲಿ ಸೇರಿ, ಸೇವ್ ಉಸಳ್ ತಿಂದು, ಕೈ ತೊಳೆದುಕೊಂಡು, ಯಾವುದೋ ದೇಶದ ಅಧ್ಯಕ್ಷನಿಗೆ ಪತ್ರ ಬರೆಯುತ್ತಿದ್ದರು. ಟೈಪು ಮಾಡಿದ ಪತ್ರಕ್ಕಿಂತ ಕೈಯಲ್ಲಿ ಬರೆದದ್ದಕ್ಕೆ ತೂಕ ಹೆಚ್ಚು ಎಂದು ಮುಖ್ಯ ಕಚೇರಿಯಿಂದ ಸೂಚನೆ ಬಂದಿತ್ತು. ನಮ್ಮವರ ಅಕ್ಷರ ಮುತ್ತಿನಂಥದ್ದು. ದಿವಾಕರ ಹೇಳುವುದು, ಇವರು ಬರೆಯುವುದು. ಆ ವರ್ಷ ಅವರ ಪಾಲಿಗೆ ಬಂದವನು ದೂರದ ದೇಶದ ಒಬ್ಬ ಕವಿ. ಸರ್ಕಾರ ಕಟ್ಟಿಸಿದ ಸೇತುವೆ ಕುಸಿದು ಜನ ಸತ್ತದ್ದನ್ನು ಪದ್ಯದಲ್ಲಿ ಬರೆದು ಒಳಗೆ ಹೋಗಿದ್ದ. ಅವನ ಹೆಸರು ಯಾರ ನಾಲಿಗೆಗೂ ಹೊರಳದೆ ಎಲ್ಲರೂ 'ನಮ್ಮ ಕವಿ' ಎನ್ನುತ್ತಿದ್ದರು.

ಬ್ಯಾಂಕಿನ ನಿಯಮದಲ್ಲಿ ಒಂದು ಕಿಂಡಿ ಇತ್ತು. ನೌಕರರು ಏನನ್ನಾದರೂ ಪ್ರಕಟಿಸುವ ಮುಂಚೆ ಅನುಮತಿ ಪಡೆಯಬೇಕು, ಆದರೆ ಶುದ್ಧ ಸಾಹಿತ್ಯಕ್ಕೆ ಅದು ಬೇಡ. ವಿಚಾರಣೆಗೆ ಬಂದ ಅಧಿಕಾರಿ ಕೆಟ್ಟವನೇನಲ್ಲ. "ಇದು ಕಥೆ ಎಂದು ಯಾವುದಾದರೂ ಲೇಖಕರ ಸಂಸ್ಥೆ ಒಂದು ಸಾಲು ಬರೆದುಕೊಟ್ಟರೆ ಫೈಲು ಮುಚ್ಚುತ್ತೇನೆ. ಇಲ್ಲವಾದರೆ ಇದೆಲ್ಲ ಸುಳ್ಳು, ಇನ್ನು ಮುಂದೆ ಏನನ್ನೂ ಪ್ರಕಟಿಸುವುದಿಲ್ಲ ಎಂದು ನೀವೇ ಬರೆದುಕೊಡಬೇಕು. ಅದೂ ಆಗದಿದ್ದರೆ ಕೆಲಸ ಹೋಗುತ್ತದೆ," ಎಂದಿದ್ದ.

ಒಂದೇ ಒಂದು ಸಾಲು. ಲೇಖಕರ ಸಂಸ್ಥೆಯಂತೂ ಕಾಲ ಬುಡದಲ್ಲೇ ಇತ್ತು. ನನಗೆ ಕಷ್ಟ ಕಳೆದೇ ಹೋಯಿತು ಅನ್ನಿಸಿತು. ಇವರು ಮಾತ್ರ, "ಕೇಳೂದು ಹ್ಯಾಂಗ?" ಎಂದು ಕೈ ಹಿಸುಕಿಕೊಳ್ಳುತ್ತ ಕುಳಿತರು. ಇವರನ್ನು ನಂಬಿದರೆ ಆಗುವುದಿಲ್ಲವೆಂದು ನಾನೇ ದಿವಾಕರರ ಮನೆಗೆ ಹೋದೆ.

"ಅಯ್ಯೋ ಹೇಮಲತಾ ಅವ್ರೇ, ನನಗೆ ಮನಸ್ಸಿಲ್ವಾ?" ಎಂದರು. "ಆದ್ರೆ ಸಂಗಮದ ನಿಯಮ ಇದೆ. ಯಾವ ಶಾಖೆಯೂ ತನ್ನ ದೇಶದ ಕೇಸು ತಗೋಬಾರ್ದು. ಅವರದ್ದು ನಾವು ಬರೀಬೇಕು, ನಮ್ಮದು ಅವರು ಬರೀಬೇಕು."

"ಹಂಗಾರ ಅವರಿಗೆ ತಿಳಸ್ರಿ. ಅವರ ಕಡಿಂದರ ಬರಸ್ರಿ."

"ಅದಕ್ಕೆ ನಾನು ಇಲ್ಲಿಂದ ವರದಿ ಕಳಿಸ್ಬೇಕಲ್ಲ. ಜೈಲಿಗೆ ಹೋಗಿದ್ರೆ ಕಳಿಸ್ಬಹುದು. ಹೊಡೆತ ಬಿದ್ದಿದ್ರೆ ಕಳಿಸ್ಬಹುದು. ಪಿನ್ನು ಹೊಡೆದ್ರು ಅಂತ ಏನು ಕಳಿಸ್ಲಿ ಹೇಳಿ?"

"ಯಾರು ಹೊಡದ್ರು ಅಂತ ಅವರು ಕೇಳ್ತಾರಂತೇನ್ರಿ? ನಿಮ್ಮ ಹೆಸರು ಬರೀಬೇಕಾಗ್ತದಂತ ಅಂಜಿಕಿ?"

ದಿವಾಕರ ನಕ್ಕರು. ನಾನು ತಮಾಷೆ ಮಾಡಿದೆ ಎಂದುಕೊಂಡರು. ನಾನು ಹೊರಟಾಗ ಅವರ ಹೆಂಡತಿ ಕುಂಕುಮ ಕೊಟ್ಟರು. "ಮುಂದಿನ ತಿಂಗಳು ಸೆರೆಯಾಳು ಲೇಖಕರ ದಿನ ಇದೆ. ಮುಖ್ಯ ಕಚೇರಿಯಿಂದ ಒಬ್ರು ಮೇಡಂ ಬರ್ತಾರೆ. ಹಾರದ ವ್ಯವಸ್ಥೆ ನೀವೇ ನೋಡ್ಕೋಬೇಕು," ಎಂದು ದಿವಾಕರ ಬಾಗಿಲ ತನಕ ಬಂದು ಹೇಳಿದರು. ಹೂಂ ಎಂದೆ. ಆ ಮೇಡಂ ಕಿವಿಗೆ ವಿಷಯ ಹಾಕಬೇಕೆಂದು ನಾನಾಗಲೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿದ್ದೆ. ಅಲ್ಲಿಯವರೆಗೆ ಉತ್ತರ ಕೊಡಲು ಸಮಯ ಬೇಕೆಂದು ಇವರು ಬ್ಯಾಂಕಿಗೆ ಬರೆದುಕೊಂಡರು.

ಆ ದಿನಕ್ಕೊಂದು ಪದ್ಧತಿಯಿದೆ. ಪ್ರಪಂಚದಲ್ಲೆಲ್ಲ ಸಂಗಮದ ಶಾಖೆಗಳು ವೇದಿಕೆಯ ಮೇಲೆ ಒಂದು ಕುರ್ಚಿಯನ್ನು ಖಾಲಿ ಬಿಡುತ್ತವಂತೆ. ಅದು ಜೈಲಿನಲ್ಲಿರುವ ಲೇಖಕನದು. ಬರೀ ಕುರ್ಚಿ ಬೋಳಾಗಿ ಕಾಣುತ್ತದೆಂದು ದಿವಾಕರ ನಮ್ಮ ಕವಿಯ ಫೋಟೋಕ್ಕೆ ಚೌಕಟ್ಟು ಹಾಕಿಸಿ ಅದರ ಮೇಲಿಟ್ಟರು. ಸಂಘದ ಹೆಂಗಸರು ನೋಡಿದರು. ಕುರ್ಚಿಯ ಮೇಲೆ ಫೋಟೋ, ಪಕ್ಕದಲ್ಲಿ ಹಾರ. ಒಬ್ಬರು ಹಾರ ಹಾಕಿದರು, ಒಬ್ಬರು ಕುಂಕುಮವಿಟ್ಟರು, ಇನ್ನೊಬ್ಬರು ಮುಂದೆ ದೀಪ ಹಚ್ಚಿ ಊದಿನಕಡ್ಡಿ ಸಿಕ್ಕಿಸಿದರು. ಹಾರವನ್ನು ನಾನು ಅತಿಥಿಗಳಿಗೆಂದು ತಂದಿದ್ದೆ, ಒಳಗಿನಿಂದ ಬರುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ಮೇಡಂ ಬಂದವಳೇ ಫೋಟೋ ನೋಡಿ ಬಿಳಿಚಿಕೊಂಡಳು. "ಯಾವಾಗ ತೀರಿಕೊಂಡರು? ನನಗೆ ಯಾರೂ ತಿಳಿಸಲೇ ಇಲ್ಲ," ಎಂದು ಅಲ್ಲೇ ಕುಸಿದು ಕುಳಿತಳು. ಇಲ್ಲ, ಬದುಕಿದ್ದಾರೆ, ಇದು ನಮ್ಮ ಗೌರವ ಎಂದು ತಿಳಿಸಿ ಹೇಳುವಷ್ಟರಲ್ಲಿ ದಿವಾಕರರಿಗೆ ಬೆವರು ಕಿತ್ತುಕೊಂಡಿತು. ಆ ಇಡೀ ದಿನದಲ್ಲಿ ನನಗೆ ನಗು ಬಂದದ್ದು ಆಗ ಮಾತ್ರ.

ಭಾಷಣ ಶುರುವಾಯಿತು. "ಲೇಖಕನ ಬಾಯಿಗೆ ಬೀಗ ಬೀಳಬಾರದು," ಎಂದು ದಿವಾಕರ ಮೇಜು ಕುಟ್ಟಿದರು. ಬೀಗ ಎಂಬ ಮಾತು ಕೇಳಿ ನನ್ನ ಪಕ್ಕದಲ್ಲಿ ಕುಳಿತಿದ್ದ ನಮ್ಮವರು ತಲೆ ತಗ್ಗಿಸಿದರು. ಅಷ್ಟರಲ್ಲಿ ಸಭಾಂಗಣದ ಬಾಗಿಲಲ್ಲಿ ಗದ್ದಲ. ಕಾರ್ಯಕ್ರಮದ ಖರ್ಚು ವಹಿಸಿಕೊಂಡ ದಾನಿಗಳು ಬಂದಿದ್ದರು. ಬಿಳಿ ಸಫಾರಿ ತೊಟ್ಟ, ತುಂಬ ಸೌಮ್ಯ ಮುಖದ ಮನುಷ್ಯ. ನಾನು ನೋಡಿರಲಿಲ್ಲ, ಆದರೆ ಇವರು ಮುಂದಿನ ಸಾಲಿನವರ ಬೆನ್ನಿಗೆ ಮರೆಯಾಗಿ ಬಗ್ಗಿದ್ದು ನೋಡಿ ಯಾರೆಂದು ಗೊತ್ತಾಯಿತು. ಗೋರಧನಭಾಯಿ.

ವೇದಿಕೆಯ ಕುರ್ಚಿಗಳೆಲ್ಲ ತುಂಬಿದ್ದವು. ದಿವಾಕರ ಒಂದು ಗಳಿಗೆ ಅತ್ತಿತ್ತ ನೋಡಿದರು. ಆಮೇಲೆ ಕವಿಯ ಫೋಟೋವನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣಿಗೊತ್ತಿಕೊಂಡು, ಮೇಜಿನ ಕಾಲಿಗೆ ಒರಗಿಸಿ ನೆಲದ ಮೇಲಿಟ್ಟರು. ಕುರ್ಚಿಯನ್ನು ತಮ್ಮ ಕರ್ಚೀಫಿನಿಂದ ಒರೆಸಿ, "ಪಧಾರೋ, ಪಧಾರೋ," ಎಂದರು. ಗೋರಧನಭಾಯಿ ಕುಳಿತರು. ಜನ ಚಪ್ಪಾಳೆ ತಟ್ಟಿದರು. ಒಬ್ಬರಿಗಾದರೂ ಇದು ತಪ್ಪೆನಿಸಲಿಲ್ಲ. ಬಂದ ದೊಡ್ಡವರನ್ನು ನಿಲ್ಲಿಸುವುದುಂಟೇ? ನಮ್ಮ ಸಭೆಗಳಲ್ಲಿ ಯಾವ ಕುರ್ಚಿಯೂ ಖಾಲಿ ಉಳಿದದ್ದಿಲ್ಲ. ಇವರ ಬೆರಳು ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿತ್ತು.

ಚಹಾದ ಹೊತ್ತಿಗೆ ಮನಸ್ವಿನಿಯನ್ನು ಎಳೆದುಕೊಂಡು ಮೇಡಂ ಹತ್ತಿರ ಹೋದೆ. ಮಗಳಿಗೆ ಕನ್ನಡ ಓದಲು ಬಾರದು, ಮನೆಯಲ್ಲೂ ಅರ್ಧ ಹಿಂದಿ, ಆದರೆ ಇಂಗ್ಲಿಷು ಪಟಪಟ ಮಾತಾಡುತ್ತಾಳೆ. ನಾನು ಹೇಳುತ್ತ ಹೋದೆ, ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಕಥೆ, ಪಿನ್ನು, ವಿಚಾರಣೆ, ಎಲ್ಲ. ಕುರ್ಚಿಯ ಮೇಲೆ ಕುಳಿತವರು ಯಾರು ಎಂಬುದನ್ನೂ ಹೇಳು ಎಂದೆ. ಮಗಳು ಹೆದರಿ ಅದೊಂದನ್ನು ಬಿಟ್ಟಳು.

ಮೇಡಂ ನನ್ನ ಕೈ ಹಿಡಿದುಕೊಂಡಳು. ನಿಜವಾಗಿಯೂ ಮರುಗಿದಳು, ಸುಳ್ಳು ಹೇಳಬಾರದು. ಏನೋ ಕೇಳಿದಳು.

"ಅಮ್ಮಾ, ಪಪ್ಪಾ ಜೈಲಿಗೆ ಹೋಗಿದಾರಾ ಅಂತ ಪೂಛತಾಳೆ."

"ಇಲ್ಲ ಅನ್ನು."

ಮೇಡಂ ಎದೆಯ ಮೇಲೆ ಕೈಯಿಟ್ಟುಕೊಂಡು ದೇವರು ದೊಡ್ಡವನು ಎಂದಳು. ಆಮೇಲೆ ಚೀಲದಿಂದ ಒಂದು ಚೀಟಿ ತೆಗೆದು, ಇವರನ್ನು ಕಾಣಿ, ನಿಮ್ಮ ಊರಿನಲ್ಲೇ ಇದ್ದಾರೆ, ಖಂಡಿತ ಸಹಾಯ ಮಾಡುತ್ತಾರೆ ಎಂದು ಹೆಸರು ವಿಳಾಸ ಬರೆದುಕೊಟ್ಟಳು. ನೋಡಿದರೆ ದಿವಾಕರರದು.

ಮರುದಿನ ಬ್ಯಾಂಕಿಗೆ ಹೊರಡುವ ಮುಂಚೆ ನಮ್ಮವರು ಅಧಿಕಾರಿ ಕೇಳಿದ್ದನ್ನು ಬರೆದರು. ಕಥೆಯಲ್ಲಿರುವುದೆಲ್ಲ ಸುಳ್ಳು, ಯಾವ ಜಾಲರಿಯನ್ನೂ ನಾನು ನೋಡಿಲ್ಲ, ಇನ್ನು ಮುಂದೆ ಏನನ್ನೂ ಪ್ರಕಟಿಸುವುದಿಲ್ಲ. ಅದೇ ಮುತ್ತಿನಂಥ ಅಕ್ಷರ. ನಾನು ಬೇಡ ಎನ್ನಲಿಲ್ಲ. ಬೇಡ ಎಂದು ಮಗಳ ಶಾಲೆ, ಮನೆ ಎಲ್ಲ ಹೇಗೆ ನಡೆಸಲಿ? ಆದರೆ ಆ ಹಾಳೆಯನ್ನು ನೋಡಲೂ ಆಗದೆ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುತ್ತ ನಿಂತೆ.

ನನ್ನನ್ನು ಹೆಚ್ಚು ಉರಿಸಿದ್ದು ಮುಂದಿನ ಭಾನುವಾರ. ಇವರು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಫತೇಗಂಜಿಗೆ ಪತ್ರ ಬರೆಯಲು ಹೊರಟರು.

"ನಿಮಗ ನಾಚಿಕಿ ಬರಂಗಿಲ್ಲೇನ್ರಿ? ಆ ಮನುಷ್ಯಾನ ಮುಂದ ಮತ್ತ ಹೋಗಿ ಕೂಡ್ತೀರಿ?"

ಚಪ್ಪಲಿ ಮೆಟ್ಟುತ್ತಿದ್ದವರು ತಲೆಯೆತ್ತಲಿಲ್ಲ. "ಅಲ್ಲೆ ಬರಿಯೂದು ನಂದಲ್ಲಲ್ಲ, ಹೇಮಾ. ನಂದಲ್ಲದ್ದು ಬರೀಲಿಕ್ಕೆ ಅಂಜಿಕಿ ಇರೂದಿಲ್ಲ. ಪೆನ್ನರ ಕೈಯಾಗ ಇರ್ತದ," ಎಂದು ಹೋದರು. ಮನೆಯಲ್ಲಿ ಇವರು ಪೆನ್ನು ಹಿಡಿದದ್ದನ್ನು ಆಮೇಲೆ ನಾನು ನೋಡಿಲ್ಲ. ಅಂಗಡಿ ಸಾಮಾನಿನ ಚೀಟಿಯನ್ನೂ ನಾನೇ ಬರೆಯುತ್ತಿದ್ದೆ.

ತೊಂಬತ್ತೇಳರಲ್ಲಿ ನಮ್ಮ ಕವಿಗೆ ಬಿಡುಗಡೆಯಾಯಿತು. ಅಲ್ಲಿ ಸರ್ಕಾರ ಬದಲಾಗಿತ್ತು, ಅದಕ್ಕೆ ಬಿಟ್ಟರು. ದಿವಾಕರರಿಗೆ ಹೇಳಿದರೆ ಒಪ್ಪುವುದಿಲ್ಲ. ಶಾಖೆಯವರು ಪೇಢೆ ಹಂಚಿದರು. ಸ್ವಲ್ಪ ದಿನಕ್ಕೆ ಕವಿಯಿಂದ ಒಂದು ಕಾರ್ಡು ಬಂತು. ಪತ್ರಗಳ ಕೆಳಗೆ ಸಹಿ ದಿವಾಕರರದಾದರೂ 'ಬರೆದವರು ಜಯತೀರ್ಥ' ಎಂದು ಇವರು ಮೂಲೆಯಲ್ಲಿ ಸಣ್ಣದಾಗಿ ನಮೂದಿಸುತ್ತಿದ್ದರಂತೆ. ಕವಿ ಅದನ್ನು ಗುರುತಿಟ್ಟುಕೊಂಡಿದ್ದ. ಕಾರ್ಡು ಇವರ ಹೆಸರಿಗೇ ಇತ್ತು. ಮನಸ್ವಿನಿ ಅದನ್ನು ಓದಿ ನನಗೂ ತಿಳಿಯುವಂತೆ ಕನ್ನಡದಲ್ಲಿ ಹೇಳಿದಳು:

ನಿಮ್ಮ ಪತ್ರಗಳಲ್ಲಿ ಕೆಲವನ್ನು ಜೈಲಿನವರು ನನಗೆ ಕೊಟ್ಟರು. ಗೋಡೆ ನೋಡಿ ಬೇಸರವಾದಾಗ ನಿಮ್ಮ ಅಕ್ಷರ ನೋಡುತ್ತಿದ್ದೆ. ಇಷ್ಟು ನೆಮ್ಮದಿಯ ಅಕ್ಷರ ಬರೆಯುವವನು ಭಯವಿಲ್ಲದ ನಾಡಿನಲ್ಲಿರಬೇಕು ಅನ್ನಿಸುತ್ತಿತ್ತು. ನೀವೂ ಲೇಖಕರೇ ಇರಬೇಕು. ನಿಮ್ಮದೊಂದು ಕಥೆ ಕಳಿಸಿ. ನಿಮ್ಮ ಭಾಷೆ ನನಗೆ ಬಾರದು, ಆದರೂ ಇಟ್ಟುಕೊಳ್ಳುತ್ತೇನೆ.

ಇವರು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. ಮಗಳಿಗೆ ಮತ್ತೊಮ್ಮೆ ಓದು ಎಂದರು. ವಿಷಯ ತಿಳಿದ ದಿವಾಕರ ಓಡಿಬಂದು, ನಮ್ಮ ದಸರಾ ಬಗ್ಗೆಯೋ ಇಲ್ಲಿಯ ಗರಬಾ ಬಗ್ಗೆಯೋ ಏನಾದರೂ ಬಣ್ಣಬಣ್ಣವಾಗಿ ಬರೆದು ಕಳಿಸಿ, ನಾನು ಇಂಗ್ಲಿಷಿಗೆ ಮಾಡಿಕೊಡುತ್ತೇನೆ ಎಂದು ಹುರಿದುಂಬಿಸಿ ಹೋದರು. ಇವರು ಉತ್ತರವನ್ನೇನೋ ಬರೆದರು. "ನಾನು ಲೇಖಕನಲ್ಲ. ಬ್ಯಾಂಕಿನ ನೌಕರ. ಅಕ್ಷರ ಚೆನ್ನಾಗಿದೆ ಎಂದು ನನ್ನ ಕೈಯಲ್ಲಿ ಬರೆಸುತ್ತಾರೆ." ಮೂರೇ ಸಾಲು. ಲಕೋಟೆಗೆ ಹಾಕಿ, ಅಂಟಿಸದೆ, ಅಂಚೆಗೆ ಹಾಕು ಎಂದು ನನಗೆ ಕೊಟ್ಟರು.

ಅವರು ಬ್ಯಾಂಕಿಗೆ ಹೋದ ಮೇಲೆ ನಾನು ಕಪಾಟಿನಿಂದ ಆ ಸಂಚಿಕೆ ತೆಗೆದೆ. ಪಿನ್ನುಗಳಿಗೆ ತುಕ್ಕು ಹಿಡಿದು ಕಾಗದದ ಮೇಲೆ ಕಂದು ಕಲೆಯಾಗಿತ್ತು. ಪುಸ್ತಕ ಹರಿಯಬಾರದು, ಸರಸ್ವತಿ. ಹರಿದೆ. ಕಥೆಯ ಪುಟಗಳಷ್ಟನ್ನೂ, ಗೋರಧನಭಾಯಿಯ ಜಾಹೀರಾತನ್ನೂ ಸೇರಿಸಿ, ಪಿನ್ನು ಇದ್ದ ಹಾಗೆಯೇ ಬೇರ್ಪಡಿಸಿದೆ. ಪಿನ್ನು ಬಿಚ್ಚಿದರೂ ಆ ಕವಿಗೆ ಕನ್ನಡ ಓದಲು ಬರುತ್ತದೆಯೇ? ಪಿನ್ನು ಇದ್ದರೆ, ಜೈಲಿನಲ್ಲಿ ಇದ್ದುಬಂದವನು, ನೋಡಿ ತಿಳಿದುಕೊಳ್ಳುತ್ತಾನೆ. ಇವರ ಚೀಟಿಯ ಜೊತೆಗೆ ಅದನ್ನೂ ದೊಡ್ಡ ಲಕೋಟೆಯಲ್ಲಿ ಹಾಕಿ ಅಂಚೆಕಚೇರಿಗೆ ಹೋಗಿ ಕಳಿಸಿದೆ. ಬರುವಾಗ ಎದೆ ಹಗುರಾಗಿತ್ತು. ಇವರಿಗೂ ಸಂತೋಷವಾದೀತು, ಒಳಗೊಳಗೇ ಆದರೂ ಆದೀತು ಎಂದುಕೊಂಡೆ.

ಸಂಜೆ ಊಟಕ್ಕೆ ಕುಳಿತಾಗ ಹೇಳಿದೆ. ಇವರ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ಬಾಗಿಲ ಕಡೆ ನೋಡಿದರು, ಕಿಟಕಿಯ ಕಡೆ ನೋಡಿದರು, ಎದ್ದು ಹೋಗಿ ಎಡಗೈಯಿಂದ ಪರದೆ ಎಳೆದು ಬಂದು ಕುಳಿತರು.

"ಪಿನ್ನ ತಗದಿಲ್ಲಲ್ಲ?" ಎಂದು ಮೆಲ್ಲಗೆ ಕೇಳಿದರು.

"ಇಲ್ಲ."

"ಒಂದೂ ತಗದಿಲ್ಲ?"

"ಇಲ್ರಿ."

ಉಸಿರು ಬಿಟ್ಟರು. "ಹಂಗಾರ ಅಡ್ಡಿ ಇಲ್ಲ. ಪಿನ್ನ ಇದ್ರ ಪ್ರಕಟ ಮಾಡಿಧಂಗ ಆಗೂದಿಲ್ಲ," ಎಂದು ತಟ್ಟೆಯತ್ತ ಬಗ್ಗಿದರು. ಆಮೇಲೆ ಇವರು ಸಾರು ಕೇಳಿದರು, ಬಡಿಸಿದೆ.